ನೀವು ಕೆತ್ತಿದ ಜಾಲಿ ಬೂಚು

ಮಾವಾರಿಗೆ ನಿಮ್ಮ ಸೊಸೆ ಸುವರ್ಣಾ ಮಾಡುವ ನಮಸ್ಕಾರ,

ಮೊದಲು ವ್ಯಾನಿನ ಸುದ್ದಿ ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ಮನೆಯವರ ಕ್ಷೇಮ ಬರೆಯುತ್ತ ಕುಳಿತರೆ ನೀವು ಅರ್ಧಕ್ಕೇ ಕಾಗದ ಮಡಚಿಡುವವರು. ವ್ಯಾನು ಇದೆ, ನಮ್ಮ ಹತ್ತಿರವೇ ಇದೆ. ಈಗ ಅಥಣಿ ಕಡೆಯ ಅನಂತಪುರದ ಒಂದು ದ್ರಾಕ್ಷಿ ತೋಟದ ಬದುವಿನಲ್ಲಿ ನಿಂತಿದೆ. ನಾನು ಅದರ ನಡುವಿನ ಸೀಟಿನಲ್ಲಿ ಕಾಲು ಚಾಚಿ ಕುಳಿತು, ತೊಡೆಯ ಮೇಲೆ ನೋಟ್‌ಬುಕ್ಕು ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾನು ಕರೆತಂದ ಏಳು ಹೆಂಗಸರು ತೋಟದ ಸಾಲಿನಲ್ಲಿದ್ದಾರೆ. ಗಂಡಾಳುಗಳು ಬಳ್ಳಿ ಕತ್ತರಿಸುತ್ತ ಮುಂದೆ ಹೋದ ಹಾಗೆ ಇವರು ಹಿಂದಿನಿಂದ ಕಡ್ಡಿಯ ಕಣ್ಣುಗಳಿಗೆ ಪೇಸ್ಟ್ ಹಚ್ಚುತ್ತಿದ್ದಾರೆ. ಸಂಜೆ ಐದರವರೆಗೆ ನನಗೆ ಕೆಲಸವಿಲ್ಲ. ನೀವು ನಮ್ಮನ್ನು ಬಿಟ್ಟು ಹೋಗಿ ಹನ್ನೊಂದು ತಿಂಗಳಾಯಿತು. ಇಷ್ಟು ದಿನ ನಿಮಗೆ ಬರೆಯುವಂಥದ್ದೇನೂ ಇಲ್ಲ ಅಂದುಕೊಂಡಿದ್ದೆ. ಹೋದ ವಾರ ಸಿಕ್ಕಿತು, ಸೀಟಿನ ಕೆಳಗೆ.

ಅಂಗಳದ ಹಾಸುಗಲ್ಲಿನ ಮೇಲೆ ಬೆಳಗಾದರೆ ಬಿದ್ದಿರುತ್ತಿದ್ದ ಕರಿ ಚುಕ್ಕೆಗಳು ನೆನಪಿವೆಯೇ? ಅತ್ತೆ ಕಸಬರಿಗೆ ಹಿಡಿದು ನಿಂತು, ರಂಗೋಲಿ ಹಾಕಲು ಜಾಗ ಉಳಿದಿಲ್ಲವೆಂದು ಗೊಣಗುತ್ತಿದ್ದರು. ನೀವು ಚಹಾದ ಬಸಿ ಕೆಳಗಿಡದೆ ಹೇಳುತ್ತಿದ್ದಿರಿ: “ವಯಸ್ಸಾದ ಮ್ಯಾಲ ಮನಷ್ಯಾಂದs ಮೂಗ ಸೋರತೈತಿ. ಇದು ಗಾಡಿ. ಇದಕ್ಕೇನ ಬೈತಿ?” ಪ್ರತಿ ಸೋಮವಾರ ಮುಂದಿನ ಸೀಟು ಎತ್ತಿ, ಅದರ ಕೆಳಗಿರುವ ಇಂಜಿನ್ನಿಗೆ ಬಾಟಲಿಯಿಂದ ಒಂದಿಷ್ಟು ಆಯಿಲ್ ಸುರಿಯುತ್ತಿದ್ದಿರಿ. ಹತ್ತು ಹನ್ನೊಂದು ವರ್ಷ ಹಾಗೆಯೇ ನಡೆಯಿತು. ನನಗೆ ಆಗಲೇ ಒಂದು ಅನುಮಾನ ಬರಬೇಕಿತ್ತು. ಓಣಿಯಲ್ಲಿ ಯಾರದೋ ಪಂಪ್‌ಸೆಟ್ಟಿನ ಒಂದು ಹನಿ ನೀರು ಸೋರಿದರೆ ಕರೆಯದೆಯೇ ಬೋಲ್ಟು ಬಿಚ್ಚುವ ಪಾನಾ ಹಿಡಿದು ಹೋಗುತ್ತಿದ್ದವರು ನೀವು. ನಿಮ್ಮದೇ ಗಾಡಿಯ ಸೋರಿಕೆಗೆ ಮಾತ್ರ ಯಾಕೆ ಕೈ ಹಾಕಲಿಲ್ಲ?

ನೀವು ಹೋದ ಮೇಲೆ ನಾಲ್ಕು ತಿಂಗಳು ವ್ಯಾನು ದನದ ಕೊಟ್ಟಿಗೆಯ ಪಕ್ಕ ನಿಂತೇ ಇತ್ತು. ಅದರ ಮೇಲೆ ಕೋಳಿ ಮಲಗತೊಡಗಿದವು. ನಿಮ್ಮ ಮಗನಿಗೆ ಉಗಾರದ ಫ್ಯಾಕ್ಟರಿಯ ಪಾಳಿ, ಮನೆಗೆ ಬಂದರೆ ನಿದ್ದೆ. ಅವರಿಗೆ ವ್ಯಾನಿನ ಮೇಲೆ ಮೊದಲಿನಿಂದಲೂ ಪ್ರೀತಿ ಅಷ್ಟಕ್ಕಷ್ಟೇ. ಒಂದು ದಿನ ನಾನೇ ಕೋಳಿ ಓಡಿಸಿ, ಬ್ಯಾಟರಿ ಚಾರ್ಜ್ ಮಾಡಿಸಿ, ನೀವು ಹಾಲಿನ ಕ್ಯಾನ್ ಇಡುತ್ತಿದ್ದ ಜಾಗಕ್ಕೆ ಹಳೆಯ ಸೀಟು ತಂದು ಕೂಡಿಸಿದೆ. ಓಣಿಯ ಕಲ್ಲವ್ವನ ಗ್ಯಾಂಗು ದ್ರಾಕ್ಷಿ ಕೆಲಸಕ್ಕೆ ದೂರದ ತೋಟಗಳಿಗೆ ಹೋಗುತ್ತದಲ್ಲ, ಟಂಟಂ ರಿಕ್ಷಾದಲ್ಲಿ ಒಬ್ಬರ ಮೇಲೊಬ್ಬರು ಕುಳಿತು? ಅವರನ್ನು ನಾನು ಒಯ್ಯುತ್ತೇನೆ ಎಂದೆ. ಓಣಿಯಲ್ಲಿ ಬಾಯಿಗೆ ಬಂದದ್ದು ಅಂದರು. ನಾಲ್ಕು ದಿನ ಅಂದು ಸುಮ್ಮನಾದರು. ನನ್ನ ಗಾಡಿಯಲ್ಲಿ ಕುಳಿತವರು ಮಾತ್ರ ಒಂದು ದಿನವೂ ಏನೂ ಅನ್ನಲಿಲ್ಲ.

ಹಾಗಿರುವಾಗ ಒಂದು ಗುರುವಾರ ಅಥಣಿ ರಸ್ತೆಯಲ್ಲಿ, ಕಬ್ಬಿನ ಹೊಲಗಳ ನಡುವೆ, ನನ್ನ ಸೀಟಿನ ಕೆಳಗಿನಿಂದ ಹೊಗೆ ಎದ್ದಿತು. ಬೆಂಕಿಯಲ್ಲ. ಸೋರಿದ ಆಯಿಲ್ ಬಿಸಿ ಸೈಲೆನ್ಸರಿನ ಮೇಲೆ ಬಿದ್ದು ಸುಡುತ್ತಿತ್ತು. ನನಗದು ಗೊತ್ತು. ಹಿಂದೆ ಕುಳಿತವರಿಗೆ ಹೇಗೆ ಗೊತ್ತಾಗಬೇಕು? ಏಳೂ ಜನ ಬುತ್ತಿಗಂಟು ಬಿಟ್ಟು ಕೆಳಗೆ ಹಾರಿದರು. ಒಬ್ಬಳ ಚಪ್ಪಲಿ ಗಾಡಿಯಲ್ಲೇ ಉಳಿಯಿತು. ಕಲ್ಲವ್ವ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. “ನಿನ್ನ ಮ್ಯಾಲ ಬ್ಯಾಸರಿಲ್ಲವಾ ಸುವರ್ಣಾ. ಆದ್ರ ಕುಂತ ಸೀಟಿನ ಬುಡಕ ಹೊಗಿ ಎದ್ದರ ನಾವ ಯಾವ ಬಾಗಲಾ ತಗದ ಓಡೂಣು? ಹೊಗಿ ನಿಂತ ಮ್ಯಾಲ ಹೇಳು, ಬರ್ತೀವಿ,” ಎಂದಳು. ಹಿಂದಿನಿಂದ ಬಂದ ಟಂಟಂಗೆ ಕೈ ಮಾಡಿ ಎಲ್ಲರೂ ಹತ್ತಿಕೊಂಡರು. ನಾನು ಖಾಲಿ ಗಾಡಿ ತಿರುಗಿಸಿಕೊಂಡು ಬಂದೆ.

ಅವತ್ತು ಸಂಜೆಯೇ ತೋಟದ ಮಾಲಕರ ಫೋನು. ಸುದ್ದಿ ನನಗಿಂತ ಮೊದಲೇ ಅನಂತಪುರ ಮುಟ್ಟಿತ್ತು. “ಅಕ್ಕಾರ, ಇನ್ನ ಹತ್ತ ದಿನಕ್ಕ ಬಳ್ಳಿ ಕತ್ತರಸೂ ಚಾಟಣಿ ಚಾಲೂ ಆಗತೈತ್ರಿ. ಒಂದ ದಿನಾ ಆಳ ತಪ್ಪಿದ್ರೂ ನಡಿಯಂಗಿಲ್ಲ. ನಿಮ್ಮ ಗಾಡಿ ಬರತೈತೋ ಇಲ್ಲೋ, ಈ ರವಿವಾರ ಬಿಟ್ಟ ಮುಂದಿನ ರವಿವಾರ ಸಂಜಿ ಮಟಾ ಹೇಳ್ರಿ. ಇಲ್ಲಾಂದ್ರ ಹಂಗಾಮ ಪೂರ್ತಿ ಬ್ಯಾರೆ ಗಾಡಿ ಹಚ್ಚತೀನಿ.” ಪಕ್ಕದಲ್ಲಿ ನಿಮ್ಮ ಮಗ ಊಟಕ್ಕೆ ಕುಳಿತಿದ್ದರು. ರೊಟ್ಟಿ ಮುರಿಯುತ್ತಲೇ ಹೇಳಿದರು: “ಅಪ್ಪಾರ ಇದ್ದಾಗಿಂದ ಸೋರಾಕತ್ತೈತಿ. ಅವರ ಕೈಲೆ ಆಗಲಿಲ್ಲ, ನಿನ್ನ ಕೈಲೆ ಆಗತೈತೇನು? ಗುಜರಿಯಾಂವಗ ಹೇಳಿ ಕಳಸ್ತೀನಿ.” ನಾನು “ರವಿವಾರ ಮಟಾ ತಡೀರಿ” ಎಂದೆ. ಜೋರಾಗಿ ಹೇಳಲಿಲ್ಲ. ಅವರು ಇನ್ನೊಂದು ರೊಟ್ಟಿ ಹಾಕಿಕೊಂಡರು. ಗುಜರಿಗೆ ವ್ಯಾನು ಹೋದರೆ ಅದೊಂದೇ ಹೋಗುವುದಲ್ಲ ಮಾವಾರೇ. ಡ್ರೈವರ್ ಸುವರ್ಣಾ ಕೂಡ ಅದರ ಜೊತೆಗೇ ತೂಕಕ್ಕೆ ಬೀಳುತ್ತಿದ್ದಳು. ಮತ್ತೆ ಹೊಸ್ತಿಲೊಳಗೆ, ಮತ್ತೆ ಒಲೆಯ ಮುಂದೆ, ನಾನು ಯಾವತ್ತೋ ಒಂದು ಗಾಡಿ ಓಡಿಸುತ್ತಿದ್ದೆ ಎಂದು ಹೇಳಿಕೊಳ್ಳುತ್ತ…

ಅಥಣಿಯ ರಜಾಕ ಮಿಸ್ತ್ರಿ ನಿಮ್ಮನ್ನು ನೆನೆಸದೆ ಪಾನಾ ಮುಟ್ಟುವುದಿಲ್ಲ. “ಕಾಕಾ ಇದ್ದಿದ್ರ ನನ್ನ ಕಡೆ ಬರತಿರಲಿಲ್ರಿ ವೈನಿ, ತಾವ ಬಿಚ್ಚತಿದ್ರು” ಎಂದು ನಗುತ್ತ ಸೀಟು ಎತ್ತಿದ. ಇಂಜಿನ್ನಿನ ತಲೆಯ ಮೇಲಿರುವ ಟ್ಯಾಪೆಟ್ ಕವರಿನ ಅಂಚಿಗೆ ಬೆರಳಾಡಿಸಿ, ಕಪ್ಪಾದ ಬೆರಳನ್ನು ನನಗೆ ತೋರಿಸಿದ. ಆ ಕವರಿನ ಕೆಳಗಿನ ರಬ್ಬರ್ ಪ್ಯಾಕಿಂಗ್ ಒಣಗಿ ಕಟ್ಟಿಗೆಯಂತಾಗಿದೆ, ಅದೇ ಕಾರಣ ಎಂದ. ತೆಗೆದು ತೋರಿಸಿದಾಗ ನಿಜಕ್ಕೂ ಹಾಗೆಯೇ ಇತ್ತು. ಹೊಸದು ಕೂಡಿಸಿದ. ಎರಡು ದಿನ ಅಂಗಳ ಸ್ವಚ್ಛ. ಅತ್ತೆ ಎಂಟೆಳೆಯ ರಂಗೋಲಿ ಹಾಕಿದರು. ಮೂರನೆಯ ದಿನ ಆ ರಂಗೋಲಿಯ ನಡುವೆಯೇ ರೊಟ್ಟಿಯಷ್ಟು ಅಗಲದ ಕರಿ ಕಲೆ.

ಮತ್ತೆ ರಜಾಕನ ಹತ್ತಿರ ಹೋದೆ. ಅವನು ಈ ಸಲ ಗಾಡಿಯ ಕೆಳಗೆ ಮಲಗಿ, ಟಾರ್ಚು ಬಿಟ್ಟು, ಬಹಳ ಹೊತ್ತು ನೋಡಿದ. ಎದ್ದು ಬಂದಾಗ ಮುಖದಲ್ಲಿ ನಗುವಿರಲಿಲ್ಲ. “ಹಿಂದಿನ ಸೀಲ್ ಹೋದಂಗ ಕಾಣತೈತ್ರಿ. ಇಂಜಿನ್ ಕೆಳಗ ಇಳಸಬೇಕು. ಗಾಡಿ ಎಂಟ ದಿನಾ ಬಿಡ್ರಿ,” ಎಂದ. ಅವತ್ತು ಬುಧವಾರ. ನನ್ನ ಹತ್ತಿರ ಉಳಿದದ್ದು ನಾಲ್ಕು ದಿನ. ನಾನು ಅವನನ್ನೇ ಕೇಳಿದೆ: ಹೊಸ ಪ್ಯಾಕಿಂಗ್ ಎರಡೇ ದಿನಕ್ಕೆ ಹೇಗೆ ಸೋರಿತು? ಅವನು ತಲೆ ಕೆರೆದುಕೊಂಡ. “ಅದs ತಿಳೀವಲ್ದು ವೈನಿ.” ರಜಾಕ ಒಳ್ಳೆಯವನು. ತಿಳಿಯದ್ದನ್ನು ತಿಳಿಯದು ಅನ್ನುತ್ತಾನೆ. ಅವನು ಹಾಗಂದದ್ದೇ ನನಗೆ ಧೈರ್ಯ ಕೊಟ್ಟಿತು. ಮಿಸ್ತ್ರಿಗೂ ತಿಳಿಯದಿದ್ದರೆ ಇದು ಬರೀ ಕೈಚಳಕದ ಮಾತಲ್ಲ, ಕುಳಿತು ಯೋಚಿಸುವ ಮಾತು. ಕುಳಿತು ಯೋಚಿಸಲು ನನಗೂ ಬರುತ್ತದೆ.

ಗುರುವಾರ ಬೆಳಿಗ್ಗೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಂಜಿನ್ ತೊಳೆದೆ. ನೀವು ಎಮ್ಮೆ ತೊಳೆಯುವಾಗ ಕಿವಿಯ ಸಂದು, ಬಾಲದ ಬುಡ ಬಿಡುತ್ತಿರಲಿಲ್ಲವಲ್ಲ, ಹಾಗೆ ಡೀಸೆಲ್ಲು ಮತ್ತು ಹಳೆಯ ಬ್ರಶ್ಶಿನಿಂದ ಒಂದೊಂದು ಮೂಲೆಯನ್ನೂ ಉಜ್ಜಿದೆ. ಹನ್ನೊಂದು ವರ್ಷದ ಜಿಡ್ಡು ಮಾವಾರೇ, ಚಮಚದಿಂದ ಕೆರೆದು ತೆಗೆಯುವಷ್ಟು. ಒಣಗಿದ ಮೇಲೆ ಪೌಡರು ಉದುರಿಸಬೇಕು, ಹೊಸ ಆಯಿಲ್ ಎಲ್ಲಿಂದ ಇಳಿಯುತ್ತದೋ ಅಲ್ಲಿ ಗೆರೆ ಮೂಡುತ್ತದೆ. ಇದು ಮೊಬೈಲಿನ ವಿಡಿಯೋದಲ್ಲಿ ಒಬ್ಬ ಮರಾಠಿ ಮಿಸ್ತ್ರಿ ಹೇಳಿಕೊಟ್ಟದ್ದು. ನನ್ನ ಮುಖದ ಪೌಡರಿನ ಡಬ್ಬಿ ಅಲ್ಲಾಡಿಸಿದರೆ ತಳದಲ್ಲಿ ಒಂದು ಚಿಟಿಕೆ. ದೇವರ ಮಾಡದಲ್ಲಿ ಚಿಂಚಲಿ ಮಾಯಕ್ಕನ ಭಂಡಾರದ ಪೊಟ್ಟಣವಿತ್ತು. ಕೈ ಚಾಚಿ, ಅತ್ತೆ ನೋಡುತ್ತಿದ್ದಾರೆಂದು ಹಿಂದೆ ತೆಗೆದೆ. ಅವರೇ ಪೊಟ್ಟಣ ತೆಗೆದುಕೊಟ್ಟರು. “ಅಮಾಸಿಗೊಮ್ಮಿ ಅವರು ಗಾಡಿ ಹೊರಗ ಹಚ್ಚತಿದ್ರು. ನೀ ಒಳಗ ಹಚ್ಚು. ಆಕೀಗಿ ಒಳಗೇನು, ಹೊರಗೇನು?” ಇಡೀ ಇಂಜಿನ್ನಿಗೆ ಅರಿಶಿಣ ಬಳಿದು ಉಗಾರದ ಸುತ್ತ ಒಂದು ಸುತ್ತು ಹಾಕಿ ಬಂದು ಸೀಟು ಎತ್ತಿದೆ.

ಒಂದು ಗೆರೆ ಹುಡುಕಲು ಹೋದವಳಿಗೆ ನಾಲ್ಕು ಗೆರೆ ಕಂಡವು. ಹೊಸ ಪ್ಯಾಕಿಂಗಿನ ಅಂಚಿನಿಂದ ಒಂದು. ಆಯಿಲ್ ನೋಡುವ ಕಡ್ಡಿ ಇದೆಯಲ್ಲ, ಅದರ ತೂತಿನಿಂದ ಒಂದು. ಆ ಕಡ್ಡಿಯೇ ತನ್ನಷ್ಟಕ್ಕೆ ಅರ್ಧ ಬೆರಳು ಮೇಲೆದ್ದು ನಿಂತಿತ್ತು. ಹಿಂದೆ ಎರಡು. ಹೊಸದೂ ಸೋರುತ್ತದೆ, ಹಳೆಯದೂ ಸೋರುತ್ತದೆ, ಮುಚ್ಚಿದ್ದೂ ಸೋರುತ್ತದೆ. ನಾಲ್ಕು ಕಡೆ ಒಂದೇ ಸಲ ಕೆಡುವುದುಂಟೇ? ಹಾಗಾದರೆ ತಪ್ಪು ಈ ನಾಲ್ಕರಲ್ಲಿ ಯಾವುದರದ್ದೂ ಅಲ್ಲ. ಅಷ್ಟು ಮಾತ್ರ ನನಗೆ ಖಚಿತವಾಯಿತು. ಆದರೆ ಮತ್ತೆ ಯಾರದ್ದು?

ಶುಕ್ರವಾರ ಅತ್ತೆಯ ಮೊಣಕಾಲು ತೋರಿಸಲು ಶೇಡಬಾಳಕ್ಕೆ ಹೋಗಬೇಕಿತ್ತು. ಹೊರಡುವ ಮುಂಚೆ ಆಯಿಲ್ ಹಾಕಿದೆ. ಅಷ್ಟರಲ್ಲಿ ಎಮ್ಮೆ ಹಗ್ಗ ಬಿಚ್ಚಿಕೊಂಡಿತು, ಅದರ ಹಿಂದೆ ಓಡಿದೆ, ಬಂದು ಸೀಟು ಕೆಳಗಿಳಿಸಿ ಹೊರಟುಬಿಟ್ಟೆ. ಶೇಡಬಾಳದಲ್ಲಿ ಅತ್ತೆಯನ್ನು ಡಾಕ್ಟರ ಬಾಗಿಲಲ್ಲಿ ಇಳಿಸಿ ಅಭ್ಯಾಸದಂತೆ ಗಾಡಿಯ ಕೆಳಗೆ ಬಗ್ಗಿ ನೋಡುತ್ತೇನೆ, ಒಂದು ಹನಿ ಇಲ್ಲ. ಹೊಗೆಯೂ ಇಲ್ಲ. ಸೀಟು ಎತ್ತಿದರೆ ಆಯಿಲ್ ಹಾಕುವ ಬಾಯಿಯ ಮುಚ್ಚಳವನ್ನು ನಾನು ತಿರುಗಿಸಿರಲೇ ಇಲ್ಲ, ಸುಮ್ಮನೆ ಮೇಲಿಟ್ಟಿದ್ದೆ. ಅದರ ಸುತ್ತ ಮಾತ್ರ ಆಯಿಲ್ ಸಿಡಿದಿತ್ತು. ಕಡ್ಡಿ ತನ್ನ ಜಾಗದಲ್ಲಿ ಗಟ್ಟಿಯಾಗಿ ಕುಳಿತಿತ್ತು. ನಾನು ಅಲ್ಲೇ ಇಂಜಿನ್ ಚಾಲೂ ಮಾಡಿ ಆ ಬಾಯಿಯ ಮೇಲೆ ಅಂಗೈ ಇಟ್ಟೆ. ಒಳಗಿನಿಂದ ಗಾಳಿ ಅಂಗೈಯನ್ನು ಮೇಲಕ್ಕೆ ನೂಕಿತು.

ನಮ್ಮ ಕುಕ್ಕರು ಒಮ್ಮೆ ಹೀಗೆ ಮಾಡಿತ್ತು. ತೊಗರಿಬೇಳೆಯ ಸಿಪ್ಪೆ ಸೀಟಿಯ ತೂತಿಗೆ ಅಡ್ಡ ಕೂತು, ಆವಿ ಮೇಲೆ ಹೋಗಲಾರದೆ ರಬ್ಬರಿನ ಸುತ್ತಲಿಂದ ನುಗ್ಗಿ ಗೋಡೆಗೆಲ್ಲ ಬೇಳೆ ಹಾರಿತ್ತು. ನಾನು ಅವತ್ತು ಹೊಸ ರಬ್ಬರು ತರಲಿಲ್ಲ, ಸೀಟಿ ತೊಳೆದೆ. ಇಂಜಿನ್ನಿಗೂ ಒಂದು ಸೀಟಿ ಇರಲೇಬೇಕಲ್ಲ, ಒಳಗಿನ ಗಾಳಿ ಹೊರಹೋಗುವ ದಾರಿ? ಮನೆಗೆ ಬಂದು ಟ್ಯಾಪೆಟ್ ಕವರಿನಿಂದ ಹೊರಡುವ ರಬ್ಬರ್ ಪೈಪನ್ನು ಬೆರಳಿನಿಂದಲೇ ಹಿಡಿದುಕೊಂಡು ಹೋದೆ. ಅದು ಹಿಂದೆ ಏರ್ ಫಿಲ್ಟರಿನ ಡಬ್ಬಿಗೆ ಸೇರಬೇಕು. ಸೇರಿರಲಿಲ್ಲ. ಕಣ್ಣಿಗೆ ಕಾಣದ ಮೂಲೆಯಲ್ಲಿ ಅದರ ತುದಿ ಸುಮ್ಮನೆ ಮಲಗಿತ್ತು, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ತಂತಿಯಿಂದ ಬಿಗಿದು. ರಜಾಕ ಕವರು ತೆಗೆದಾಗ ಈಚೆ ತುದಿ ಬಿಚ್ಚಿ ಮತ್ತೆ ಕೂಡಿಸಿದ್ದ. ಆಚೆ ತುದಿ ಯಾರು ನೋಡುತ್ತಾರೆ? ತಂತಿ ಕತ್ತರಿಸಿದೆ. ಒಳಗೊಂದು ಕಟ್ಟಿಗೆಯ ಬೂಚು. ಜಾಲಿ ಕಟ್ಟಿಗೆ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ, ಚಾಕುವಿನಿಂದ ಕೆತ್ತಿ ಗಾಜಿನ ಚೂರಿನಿಂದ ನುಣುಪು ಮಾಡಿದ್ದು, ಸುತ್ತ ಬಿಳಿ ಬಟ್ಟೆಯ ಪಟ್ಟಿ. ಅಷ್ಟು ಚಂದದ ಕೆಲಸ ಈ ಊರಿನಲ್ಲಿ ಯಾರದು ಎಂದು ನಾನು ಕೇಳಬೇಕಾಗಿರಲಿಲ್ಲ.

ಆದರೂ ಅತ್ತೆಗೆ ತೋರಿಸಿದೆ. ಅವರು ಕಟ್ಟೆಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದರು. ಬೂಚನ್ನು ಕೈಯಲ್ಲಿ ಹಿಡಿದು, ಬಟ್ಟೆಯನ್ನು ಬೆರಳಿನಿಂದ ಸವರಿ ನೋಡಿದರು. “ಇದು ಅವರ ಧೋತರದ ಅಂಚು. ನೀ ಮದವಿ ಆಗಿ ಬಂದ ವರ್ಷ, ಪಂಚಮಿಗೆ ತವರಮನಿಗೆ ಜುಗೂಳಕ್ಕ ಹೋಗೂದಿತ್ತಲ್ಲ. ವ್ಯಾನಿನ್ಯಾಗ ಬ್ಯಾಡ್ರಿ ಅತ್ತಿ, ಆಯಿಲ್ ವಾಸನಿ ಬರತೈತಿ, ಹೊಟ್ಟಿ ತೊಳಸತೈತಿ ಅಂತ ನನ್ನ ಮುಂದ ಅಂದಿದ್ದೆಲ್ಲ? ನಾ ಅವರಿಗೆ ಹೇಳಿದೆ. ಮೂರ ದಿನಾ ಗಾಡಿ ಮೂಸಿ ಮೂಸಿ ನೋಡಿದ್ರು. ನನಗೇನೂ ಬರವಲ್ದು ಅಂದ್ರು. ಆಮ್ಯಾಲ, ಈ ಪೈಪಿನ್ಯಾಗಿಂದ ಬರತಿರಬೇಕು, ಹೊಸಾ ಸೊಸಿ ಬಾಯಿ ಬಿಟ್ಟ ಹೇಳಿದ ಮೊದಲನೇ ಮಾತ ಇದು, ಸುಮ್ಮನ ಬಿಡೂದ ಹೆಂಗ ಅಂತ ಮಧ್ಯಾನ ಪೂರ್ತಿ ಕುಂತ ಕೆತ್ತಿದ್ರು.” ಅತ್ತೆ ಬೂಚನ್ನು ನನ್ನ ಕೈಗೆ ಮರಳಿ ಕೊಟ್ಟರು. ನಾನು ಅವರ ಪಕ್ಕ ಕಟ್ಟೆಯ ಮೇಲೆ ಕುಳಿತೆ. ಆ ವಾಸನೆಯ ಬಗ್ಗೆ ನಿಮಗೆ ಹೇಳುವ ಮಾತೊಂದಿದೆ ಮಾವಾರೇ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ರಿಪೇರಿ ಮುಗಿಸುತ್ತೇನೆ. ಅರ್ಧ ಬಿಚ್ಚಿದ ಇಂಜಿನ್ ಮುಂದಿಟ್ಟುಕೊಂಡು ಅಳಬಾರದು ಅನ್ನುವುದು ನಿಮ್ಮದೇ ಪಾಠ.

ಒಂದು ಮಾತು ಮಾತ್ರ ಈಗಲೇ ಕೇಳಬೇಕು. ನಿಮಗೆ ಗೊತ್ತಿತ್ತೇ? ಮೊದಲ ವರ್ಷ ಎರಡು ಹನಿ, ಆಮೇಲೆ ನಾಲ್ಕು, ಇಂಜಿನ್ನಿಗೆ ವಯಸ್ಸಾಗಿ ಒಳಗಿನ ಗಾಳಿ ಹೆಚ್ಚಾದಂತೆ ಸೋರುವುದೂ ಹೆಚ್ಚಾಯಿತು. ಪಂಪ್‌ಸೆಟ್ಟಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ನಿಮಗೆ ಇದು ಹೊಳೆಯಲಿಲ್ಲವೇ, ಅಥವಾ ಹೊಳೆದೂ, ಬೂಚು ತೆಗೆದರೆ ಸೊಸೆಗೆ ಮತ್ತೆ ಹೊಟ್ಟೆ ತೊಳಸುತ್ತದೆಂದು ಸೋಮವಾರಕ್ಕೊಮ್ಮೆ ಆಯಿಲ್ ಸುರಿಯುತ್ತ… ಬಿಡಿ. ಕೇಳಿದ್ದರೂ ನೀವು ಚಹಾದ ಬಸಿ ಕೆಳಗಿಡದೆ ಮೂಗು ಸೋರುವ ಮಾತನ್ನೇ ಆಡುತ್ತಿದ್ದಿರಿ.

ಶನಿವಾರ ಅಥಣಿಗೆ ಹೋಗಿ ಹೊಸ ಪೈಪು, ಎರಡು ಕ್ಲಿಪ್ಪು, ಇನ್ನೊಂದು ಪ್ಯಾಕಿಂಗು ತಂದೆ. ರಜಾಕನಿಗೆ ಬೂಚು ತೋರಿಸಿದಾಗ ಅವನು ಹಣೆ ಬಡಿದುಕೊಂಡು ನಕ್ಕ. “ಯಾವ ಶಾಣ್ಯಾ ಮಾಡ್ಯಾನ್ರಿ ಇದನ್ನ?” ನಾನು ಪ್ಯಾಕಿಂಗು ಆರಿಸತೊಡಗಿದೆ. ಅವನು ಬಂದು ಕೂಡಿಸಿಕೊಡುತ್ತೇನೆಂದ, ಬೇಡವೆಂದೆ. ಮನೆಯಲ್ಲಿ ನಿಮ್ಮ ಪಾನಾದ ಪೆಟ್ಟಿಗೆ ಬಿಚ್ಚಿ ನಾನೇ ಮಾಡಿದೆ. ಹಳೆಯ ಪೈಪು ಕಿತ್ತು, ಕವರಿನ ಬಾಯಿಯ ಜಿಡ್ಡು ತೊಳೆದೆ. ಏರ್ ಫಿಲ್ಟರಿನ ತೂತಿಗೆ ನೀವು ಹಚ್ಚಿದ್ದ ಪಟ್ಟಿ ತೆಗೆದು ಹೊಸ ಪೈಪು ಕೂಡಿಸಿದೆ. ಹೊಸ ಪ್ಯಾಕಿಂಗಿನ ಮೇಲೆ ಕವರು ಕೂಡಿಸಿ ಬೋಲ್ಟುಗಳನ್ನು ಎದುರು ಬದುರು, ಸ್ವಲ್ಪ ಸ್ವಲ್ಪವೇ ಬಿಗಿದೆ. ನಿಮ್ಮ ಮಗ ಪಾಳಿ ಮುಗಿಸಿ ಬಂದವರು ಬಾಗಿಲಲ್ಲಿ ನಿಂತು ನೋಡಿದರು. ಊಟಕ್ಕೆ ಕರೆಯಲಿಲ್ಲ, ತಾವೇ ಬಡಿಸಿಕೊಂಡರು. ನನಗೊಂದು ತಾಟು ಮುಚ್ಚಿಟ್ಟರು. ಇದೂ ನಿಮಗೆ ಸುದ್ದಿಯೇ.

ಸಂಜೆಗೆ ಜುಗೂಳಕ್ಕೆ ಓಡಿಸಿಕೊಂಡು ಹೋಗಿ ಬಂದು, ಗಾಡಿಯ ಕೆಳಗೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಬೆನ್ನು ಮೇಲೆ ಮಾಡಿ ಹಾಸಿದೆ. ಭಾನುವಾರ ಬೆಳಿಗ್ಗೆ ನೋಡಿದರೆ ಒಂದು ಹನಿ. ಒಂದೇ. ನಿಮ್ಮ ಮಗ ಅದನ್ನು ನೋಡಿದರು, ನನ್ನನ್ನೂ ನೋಡಿದರು. “ಮತ್ತ?” ಎಂದರು. ಸಂಜೆಯೊಳಗೆ ತೋಟದವರಿಗೆ ಹೌದೋ ಅಲ್ಲವೋ ಹೇಳಬೇಕು. ನಾನು ಗಾಡಿಯ ಕೆಳಗೆ ಮಲಗಿ ಬೆರಳಿನಿಂದ ಆ ಹನಿಯ ದಾರಿ ಹಿಡಿದೆ. ಸೈಲೆನ್ಸರಿನ ಮೇಲಿನ ತಗಡಿನ ಮಡಿಕೆಯಲ್ಲಿ ಹಳೆಯ ಆಯಿಲ್ ನಿಂತಿತ್ತು, ನಾನು ತೊಳೆಯುವಾಗ ಕೈ ಮುಟ್ಟದ ಜಾಗ. ಒರೆಸಿ, ಹೊಸ ಹಾಳೆ ಹಾಸಿದೆ. ಇಂಜಿನ್ನಿನ ಮೇಲೆ ಭಂಡಾರ ಹೊಸದಾಗಿ ಉದುರಿಸಿದ್ದೆ, ಅದರಲ್ಲಿ ಒಂದೇ ಒಂದು ಗೆರೆ ಇರಲಿಲ್ಲ. ಕೆಳಗಿನಿಂದ ಎದ್ದು ಬಂದು, ಇನ್ನೊಂದು ಬೆಳಗು ಕಾಯದೆ, ಅನಂತಪುರಕ್ಕೆ ಫೋನು ಮಾಡಿದೆ: “ಬರ್ತೀನ್ರಿ. ಆರಕ್ಕ ಮನಿ ಬಿಡತೀವಿ.” ಇವತ್ತು, ಸೋಮವಾರ, ನಸುಕಿನಲ್ಲಿ ಹಾಳೆ ಎತ್ತಿದಾಗ ಅದು ಅಂಗಡಿಯಿಂದ ತಂದಷ್ಟು ಬಿಳಿ ಇತ್ತು. ಆ ಹಾಳೆಯನ್ನು ನಿಮ್ಮ ಮಗನ ತಾಟಿನ ಪಕ್ಕ ಇಟ್ಟು ಬಂದೆ. ಗುಜರಿಯವನ ಮಾತು ಇನ್ನು ಮನೆಯಲ್ಲಿ ಬರಲಿಕ್ಕಿಲ್ಲ.

ಇವತ್ತು ಬೆಳಿಗ್ಗೆ ಕಲ್ಲವ್ವ ಹತ್ತುವ ಮುಂಚೆ ಸೀಟು ಎತ್ತಿಸಿ, ತಾನೇ ಬಗ್ಗಿ ನೋಡಿದಳು. ಹಳದಿ ಇಂಜಿನ್ ಕಂಡು ಕೈ ಮುಗಿದಳು. ಏಳೂ ಜನ ಕುಳಿತರು. ಅಥಣಿ ರಸ್ತೆಯಲ್ಲಿ, ಅವತ್ತು ಹೊಗೆ ಎದ್ದ ಜಾಗ ದಾಟುವವರೆಗೆ ಯಾರೂ ಮಾತಾಡಲಿಲ್ಲ. ದಾಟಿದ ಮೇಲೆ ಎಲ್ಲರೂ ಒಮ್ಮೆಗೇ ಮಾತಾಡಿದರು. ಕಲ್ಲವ್ವ ಕೇಳಿದಳು: “ಕರೇನ ಹೇಳ ಸುವರ್ಣಾ, ಏನಾಗಿತ್ತ ಅದಕ್ಕ?” ಗಾಳಿ ಹೋಗುವ ಪೈಪಿಗೆ ಬೂಚು ಬಿದ್ದಿತ್ತು ಎಂದೆ. “ಯಾರ ಹಾಕಿದ್ರವಾ?” ಎಂದಳು. ನಿಮ್ಮ ಹೆಸರು ಬಾಯಿಗೆ ಬಂತು. ನುಂಗಿಕೊಂಡು “ನಾನ ಹಾಕಿದ್ದೆ” ಎಂದೆ. ಗಾಡಿಯಲ್ಲಿ ನಕ್ಕಿದ್ದೇ ನಕ್ಕಿದ್ದು. ತಾನೇ ಮುಚ್ಚಿ ತಾನೇ ಹುಡುಕಿದ ಮಿಸ್ತ್ರಿ ಎಂದು ಇನ್ನೊಂದು ವರ್ಷ ನನ್ನನ್ನು ಕಾಡಿಸುತ್ತಾರೆ. ಕಾಡಿಸಲಿ. ನಿಮ್ಮನ್ನು ಉಳಿಸಲು ಸುಳ್ಳು ಹೇಳಿದೆ ಅಂದುಕೊಳ್ಳಬೇಡಿ. ನಾನು ಹೇಳಿದ್ದು ಸುಳ್ಳಲ್ಲ.

ಬೂಚು ನಿಮ್ಮ ಪಾನಾದ ಪೆಟ್ಟಿಗೆಯಲ್ಲಿದೆ. ಖಂಡೇ ಪೂಜೆಯ ದಿನ ಪಾನಾ, ಸುತ್ತಿಗೆಗಳ ಸಾಲಿನಲ್ಲಿ ಅದಕ್ಕೂ ಕುಂಕುಮ ಹಚ್ಚುತ್ತೇನೆ. ಅದು ಇಂಜಿನ್ನಿಗೆ ಮಾಡಿದ್ದು ಕೇಡೇ, ಒಪ್ಪುತ್ತೇನೆ. ಆದರೆ ಅದು ಕೂತ ಮೇಲೆ ನನಗೆ ವ್ಯಾನು ಬೇಡ ಅನ್ನಲು ಬೇರೆ ನೆಪ ಸಿಗಲಿಲ್ಲ. ಹಿಂದೆ ಹಾಲಿನ ಕ್ಯಾನುಗಳು. ಕುಳಿತರೆ ನಿಮ್ಮ ಮಗ್ಗುಲ ಸೀಟಿನಲ್ಲೇ ಕುಳಿತುಕೊಳ್ಳಬೇಕು. ಕುಳಿತೆ, ಸೆರಗು ಹಣೆಯವರೆಗೆ ಎಳೆದುಕೊಂಡು, ಬಾಗಿಲಿಗೆ ಅಂಟಿಕೊಂಡು. ನೀವು ನನ್ನ ಕಡೆ ನೋಡದೆ, ರಸ್ತೆಗೆ ಹೇಳಿದಂತೆ ಹೇಳುತ್ತ ಹೋದಿರಿ: ಇದು ಕ್ಲಚ್ಚು, ಏರಿ ಬಂದರ ಎರಡನೇ ಗೇರು, ಟ್ರ್ಯಾಕ್ಟರ್ ಮುಂದಿದ್ದರ ಅವಸರ ಮಾಡಬಾರದು. ಎರಡು ವರ್ಷ ಆ ಸೀಟಿನಿಂದ ನಿಮ್ಮ ಕೈಕಾಲು ನೋಡಿದ್ದಕ್ಕೇ, ಮಿರಜದಲ್ಲಿ ನಿಮ್ಮ ಕಣ್ಣಿನ ಆಪರೇಶನ್ ಆದಾಗ ಹಾಲಿನ ಗಾಡಿ ನಾನು ಓಡಿಸಿದೆ. ಊರೆಲ್ಲ ಕಣ್ಣು ಬಿಟ್ಟಿತು. ನೀವು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ಕುಳಿತು, “ಮೂರನೇದು ಹಾಕವಾ, ಇಂಜಿನ್ ಒದರಾಕತ್ತೈತಿ” ಎಂದಿರಿ.

ಈಗ ಕೊನೆಗೆ ಬರುತ್ತೇನೆ ಅಂದಿದ್ದ ಮಾತು. ನೀವು ಮೂರು ದಿನ ಮೂಸಿದಾಗ ನಿಮಗೆ ಏನೂ ಬರಲಿಲ್ಲ, ಯಾಕೆಂದರೆ ಅಲ್ಲಿ ಏನೂ ಇರಲಿಲ್ಲ. ನಿಮ್ಮ ಮೂಗು ಸರಿಯಾಗಿಯೇ ಇತ್ತು ಮಾವಾರೇ. ನಾನು ಹತ್ತೊಂಬತ್ತರ ಹುಡುಗಿ. ನಮ್ಮ ಮನೆಯಲ್ಲಿ ಮಾವ ಬಂದರೆ ಸೊಸೆ ಎದ್ದು ನಿಲ್ಲಬೇಕು, ಮಾವ ಕುಳಿತ ಕಟ್ಟೆಯ ಮೇಲೆ ಸೊಸೆ ಕೂರಬಾರದು ಎಂದು ಅವ್ವ ಹೇಳಿ ಕಳಿಸಿದ್ದಳು. ನಿಮ್ಮ ಪಕ್ಕ, ಒಂದೇ ಸಾಲಿನ ಸೀಟಿನಲ್ಲಿ, ಊರೆಲ್ಲ ನೋಡುವಂತೆ ಕುಳಿತು ಜುಗೂಳದವರೆಗೆ ಹೇಗೆ ಹೋಗುವುದು ಎಂದು ಹೆದರಿ, ವಾಸನೆ ಬರುತ್ತದೆ ಅಂದುಬಿಟ್ಟೆ. ನೀವು ನಂಬಿದಿರಿ. ಬೂಚು ಹಾಕಿದ ದಿನ ಗಾಡಿ ಅಗಸಿ ದಾಟಿದ ಮೇಲೆ, ರಸ್ತೆ ನೋಡುತ್ತಲೇ ಕೇಳಿದಿರಿ: “ಈಗ ವಾಸನಿ ಬರತೈತೇನವಾ?” ನಾನು ಸೆರಗಿನೊಳಗಿನಿಂದ “ಇಲ್ರಿ ಮಾವಾರ” ಎಂದೆ. ನೀವು ಅವತ್ತು ಎಷ್ಟು ಖುಷಿಯಾದಿರಿ ಅಂದರೆ, ನನಗೆ ನಿಜ ಹೇಳಲು ಹನ್ನೊಂದು ವರ್ಷ ಬಾಯಿ ಬರಲಿಲ್ಲ.

ನಿಮ್ಮ ಸೊಸೆ,
ಸುವರ್ಣಾ